ಲಂಡನ್‌ನಲ್ಲಿ ಒಂದು ದಿನ: ಥೇಮ್ಸ್ ದಡ ಬಿಡದೆ ನಡೆಯುವುದು ಹೇಗೆ?

ನಾಲ್ಕು ಜನ ಗೆಳೆಯರು, ಲಂಡನ್ ನೋಡಲು ಒಂದೇ ದಿನ. ಒಬ್ಬರಿಗೆ ಅರಮನೆ ಬೇಕು, ಇನ್ನೊಬ್ಬರಿಗೆ ಮ್ಯೂಸಿಯಂ, ಮತ್ತೊಬ್ಬರಿಗೆ ಮಾರ್ಕೆಟ್ಟು. ಎಲ್ಲರ ಪಟ್ಟಿಯನ್ನೂ ಮುಗಿಸಲು ಹೊರಟರೆ ಅರ್ಧ ದಿನ ರೈಲು ಹತ್ತಿ ಇಳಿಯುವುದರಲ್ಲೇ ಕಳೆಯುತ್ತದೆ. ಅದರ ಬದಲು ಥೇಮ್ಸ್ ನದಿಯ ದಕ್ಷಿಣ ದಡ ಹಿಡಿಯಿರಿ. ವಾಕ್ಸಾಲ್ ಸ್ಟೇಷನ್ನಿನಿಂದ ಟವರ್ ಬ್ರಿಡ್ಜ್‌ಗೆ ಸುಮಾರು 6 ಕಿ.ಮೀ. ನದಿ ಯಾವಾಗಲೂ ನಿಮ್ಮ ಎಡಕ್ಕಿರುತ್ತದೆ. ಪದೇ ಪದೇ ಮ್ಯಾಪ್ ನೋಡಬೇಕಿಲ್ಲ, ಮಾತಾಡುತ್ತಾ ನಡೆಯಬಹುದು.

ಹಿಂದಿನ ರಾತ್ರಿ ಮಾಡಬೇಕಾದ್ದು

ಸೋಮವಾರ ಬೇಡ. ಮಧ್ಯಾಹ್ನ ಊಟಕ್ಕೆ ಹೋಗುವ ಬರೋ ಮಾರ್ಕೆಟ್ ಅವತ್ತು ಮುಚ್ಚಿರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಯೊಳಗೇ ಸೂರ್ಯ ಮುಳುಗುತ್ತದೆ, ಆಗ ಬೇಗ ಹೊರಡಿ. ಜೂನ್‌ನಲ್ಲಾದರೆ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಮಳೆಗೆ ತೆಳು ಜಾಕೆಟ್ ಇರಲಿ. ರೈಲು ಸ್ಟೇಷನ್ನಿನ ಗೇಟಿಗೆ ತಾಗಿಸಲು ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು, ಒಂದೇ ಕಾರ್ಡ್‌ನಲ್ಲಿ ನಾಲ್ವರೂ ಹೋಗಲು ಬರುವುದಿಲ್ಲ.

ಹೊಸ ಶೂ ಮಾತ್ರ ಹಾಕಲೇಬೇಡಿ. ನಮ್ಮ ಗುಂಪಿನ ಗೆಳತಿಯೊಬ್ಬಳಿಗೆ ವಾಟರ್‌ಲೂ ಸೇತುವೆ ಸೇರುವಷ್ಟರಲ್ಲಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಅವತ್ತಿನಿಂದ ನಮ್ಮದೊಂದು ನಿಯಮ: ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರೇ ಮುಂದೆ ಇರಬೇಕು.

ಬಸವಣ್ಣನಿಂದ ಶುರು

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ವಾಕ್ಸಾಲ್‌ನಲ್ಲಿ ಇಳಿದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಹಿಡಿಯಿರಿ. ಲ್ಯಾಂಬೆತ್ ಸೇತುವೆಯ ಕಡೆ ಹೋಗುತ್ತಾ ನದಿಯಂಚಿನ ತೋಟದಲ್ಲಿ ಬಸವೇಶ್ವರರ ಪ್ರತಿಮೆ ಸಿಗುತ್ತದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಇದನ್ನು ಅನಾವರಣ ಮಾಡಿದರು. ಇದರ ಹಿಂದೆ ಓಡಾಡಿದವರು ಕಲಬುರಗಿ ಮೂಲದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲ್. ನದಿಯ ಆಚೆ ದಡದಲ್ಲಿ ಬ್ರಿಟಿಷ್ ಪಾರ್ಲಿಮೆಂಟ್. ಹನ್ನೆರಡನೇ ಶತಮಾನದಲ್ಲಿ ಎಲ್ಲ ಕಸುಬಿನವರನ್ನೂ ಅನುಭವ ಮಂಟಪದಲ್ಲಿ ಒಟ್ಟಿಗೆ ಕೂರಿಸಿದವರು ಇಲ್ಲಿ ಇರುವುದು ಎಷ್ಟು ಸರಿ, ಅಲ್ವಾ? ಕನ್ನಡ ಬಾರದ ಗೆಳೆಯರಿದ್ದರೆ ಐದು ನಿಮಿಷ ನಿಂತು ಈ ಕತೆ ಹೇಳಿ.

ಲ್ಯಾಂಬೆತ್ ಸೇತುವೆ ಹತ್ತದೆ, ಇದೇ ದಡದಲ್ಲಿ ಮುಂದೆ ಹೋದರೆ ಆಸ್ಪತ್ರೆಯ ಕಾಂಪೌಂಡಿಗೆ ಸೇರಿದ ಉದ್ದನೆಯ ಗೋಡೆ. ಅದರ ತುಂಬ ಕೈಯಿಂದ ಬರೆದ ಕೆಂಪು ಹೃದಯಗಳು. ಕೋವಿಡ್‌ನಿಂದ ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು. 2021ರ ಮಾರ್ಚ್‌ನಲ್ಲಿ ಶುರುವಾದ ಈ ಕೆಲಸ ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೂ ಹಬ್ಬಿದೆ. ಮನೆಯವರು ಬಂದು ಹೃದಯದೊಳಗೆ ಹೆಸರು ಬರೆದು ಹೋಗಿದ್ದಾರೆ. ಅಪ್ಪ, ಅಜ್ಜಿ, ನರ್ಸ್, ಗೆಳೆಯ. ನಾವು ಇಲ್ಲಿ ಮಾತು ನಿಲ್ಲಿಸಿ ಗೋಡೆಯ ಕೊನೆಯವರೆಗೂ ಓದುತ್ತಾ ನಡೆದೆವು. ಈ ಜಾಗಕ್ಕೆ ಅವಸರ ಮಾಡಬೇಡಿ.

ಪಾರ್ಲಿಮೆಂಟ್ ಫೋಟೊ ಇಲ್ಲಿಂದಲೇ ತೆಗೆಯಿರಿ. ಇಡೀ ಕಟ್ಟಡ ಎದುರಿಗೆ ಕಾಣುತ್ತದೆ. ವೆಸ್ಟ್‌ಮಿನ್‌ಸ್ಟರ್ ಸೇತುವೆ ಮೇಲೆ ಜನ ಜಾಸ್ತಿ. ಬಟ್ಟಲಿನಡಿ ಚೆಂಡು ಎಲ್ಲಿದೆ ಹೇಳಿ ಅಂತ ಜೂಜಾಡಿಸುವವರೂ ಅಲ್ಲಿರುತ್ತಾರೆ. ದುಡ್ಡು ಕಟ್ಟಬೇಡಿ, ಸುತ್ತ ನಿಂತು ಗೆಲ್ಲುವವರೂ ಅವರ ಕಡೆಯವರೇ. ಮುಂದೆ ಲಂಡನ್ ಐ, 135 ಮೀಟರ್ ಎತ್ತರದ ತಿರುಗುವ ತೊಟ್ಟಿಲು. ಇರುವುದು ಒಂದೇ ದಿನವಾದ್ದರಿಂದ ಕ್ಯೂ ನಿಲ್ಲದೆ ಕೆಳಗಿನಿಂದ ನೋಡಿದರೆ ಸಾಕು.

ಕೂರಲು, ಶೌಚಾಲಯಕ್ಕೆ 1951ರಲ್ಲಿ ಕಟ್ಟಿದ ರಾಯಲ್ ಫೆಸ್ಟಿವಲ್ ಹಾಲ್ ಒಳ್ಳೆಯದು. ಟಿಕೆಟ್ ಇಲ್ಲದೆಯೂ ಒಳಗೆ ಹೋಗಬಹುದು. ಕಾಲು ನೋಯಿಸಿಕೊಂಡ ಗೆಳತಿಯ ಜೊತೆ ನಾವು ಇಲ್ಲೇ ಒಂದು ಗಂಟೆ ಕೂತಿದ್ದೆವು. ಕಾಲೇಜು ಬಿಟ್ಟ ಮೇಲೆ ಅಷ್ಟು ಹೊತ್ತು ಒಟ್ಟಿಗೆ ಕೂತು ಮಾತಾಡಿದ್ದು ಅದೇ ಮೊದಲು. ಅಲ್ಲಿಂದ ಎದ್ದರೆ ವಾಟರ್‌ಲೂ ಸೇತುವೆಯ ಕೆಳಗೆ ಹಳೆ ಪುಸ್ತಕಗಳ ಸಾಲು.

ನದಿಯ ನಡುವೆ ಒಂದು ಸಲ

ಟೇಟ್ ಮಾಡರ್ನ್ ಮೊದಲು ವಿದ್ಯುತ್ ಸ್ಥಾವರವಾಗಿತ್ತು. 2000ದಲ್ಲಿ ಕಲಾ ಮ್ಯೂಸಿಯಂ ಆಯಿತು. ಪ್ರವೇಶ ಉಚಿತ. ಇಲ್ಲಿ ಗುಂಪನ್ನು ಬಿಟ್ಟುಬಿಡಿ. ಒಂದು ಗಂಟೆ ಅವರವರಿಗೆ ಇಷ್ಟವಾದದ್ದು ನೋಡಲಿ, ಬಾಗಿಲಲ್ಲಿ ಸೇರೋಣ ಅಂತ ಹೇಳಿ.

ಎದುರಿಗೇ ಮಿಲೆನಿಯಂ ಸೇತುವೆ, ನಡೆಯುವವರಿಗೆ ಮಾತ್ರ. 2000ದ ಜೂನ್ 10ರಂದು ತೆರೆದಾಗ ಇದು ಎಡಕ್ಕೆ ಬಲಕ್ಕೆ ತೂಗಾಡತೊಡಗಿತು. ಬೀಳಬಾರದೆಂದು ಜನ ಕಾಲು ಅಗಲಿಸಿ, ಅಲುಗಾಟಕ್ಕೆ ತಕ್ಕಂತೆ ಹೆಜ್ಜೆ ಹಾಕಿದರು. ಎಲ್ಲರ ಹೆಜ್ಜೆಯೂ ಒಂದೇ ತಾಳಕ್ಕೆ ಬಿದ್ದು ತೂಗಾಟ ಇನ್ನೂ ಹೆಚ್ಚಿತು. ಎರಡೇ ದಿನಕ್ಕೆ ಮುಚ್ಚಿದರು. ಅಲುಗಾಟ ಹೀರಿಕೊಳ್ಳುವ ಉಪಕರಣ ಜೋಡಿಸಿ 2002ರಲ್ಲಿ ಮತ್ತೆ ತೆರೆದರು. ನಡುವಿನವರೆಗೆ ಹೋಗಿ ನಿಂತರೆ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ನೇರ ಎದುರಿಗೆ. ನೋಡಿ ವಾಪಸ್ ಬನ್ನಿ.

ಪಕ್ಕದ ಗ್ಲೋಬ್ ನಾಟಕಶಾಲೆಯ ಹುಲ್ಲಿನ ಮಾಡನ್ನು ಗಮನಿಸಿ. ಶೇಕ್ಸ್‌ಪಿಯರ್ ಕಾಲದ ಮಾದರಿಯಲ್ಲಿ ಕಟ್ಟಿ 1997ರಲ್ಲಿ ತೆರೆದದ್ದು.

ಬರೋ ಮಾರ್ಕೆಟ್‌ಗೆ ಎರಡು ಗಂಟೆಯ ನಂತರ ಹೋದರೆ ನೂಕುನುಗ್ಗಲು ಸ್ವಲ್ಪ ಕಡಿಮೆ. ಒಬ್ಬೊಬ್ಬರು ಒಂದೊಂದು ತಿನಿಸು ತಂದು ಹಂಚಿಕೊಳ್ಳಿ. ಸಸ್ಯಾಹಾರಿಗಳು ಕೇಳಿಯೇ ಕೊಳ್ಳಿ, ಬ್ರೆಡ್ಡು, ಚೀಸು, ಹಣ್ಣು ಧಾರಾಳವಾಗಿ ಸಿಗುತ್ತವೆ. ಗದ್ದಲದಲ್ಲಿ ತಪ್ಪಿಸಿಕೊಂಡರೆ ಪಕ್ಕದ ಸದರ್ಕ್ ಕ್ಯಾಥೆಡ್ರಲ್ ಅಂಗಳದಲ್ಲಿ ಸೇರುವುದೆಂದು ಮೊದಲೇ ಹೇಳಿಟ್ಟಿರಿ.

ಸೇತುವೆ ತೆರೆಯುವ ಹೊತ್ತು

ಟವರ್ ಬ್ರಿಡ್ಜ್ 1894ರದ್ದು. ದೊಡ್ಡ ಹಡಗು, ದೋಣಿಗಳಿಗಾಗಿ ವರ್ಷಕ್ಕೆ ಸುಮಾರು 800 ಸಲ ಬಾಯಿ ತೆರೆಯುತ್ತದೆ. ಯಾವ ದಿನ, ಎಷ್ಟು ಗಂಟೆಗೆ ಎಂಬುದು ಅದರ ವೆಬ್‌ಸೈಟ್‌ನಲ್ಲಿರುತ್ತದೆ. ಹಿಂದಿನ ರಾತ್ರಿಯೇ ನೋಡಿ, ನಿಮ್ಮ ನಡಿಗೆಯ ಕೊನೆಯನ್ನು ಅದಕ್ಕೆ ಹೊಂದಿಸಿಕೊಳ್ಳಿ. ದಕ್ಷಿಣ ದಡದಲ್ಲೇ, ಸೇತುವೆಗೆ ಸ್ವಲ್ಪ ಹಿಂದೆ ನಿಂತರೆ ಎರಡೂ ತುಂಡು ಮೇಲೇಳುವುದು ಪೂರ್ತಿ ಕಾಣುತ್ತದೆ. ಅದು ಮತ್ತೆ ಕೂಡಿಕೊಂಡ ಮೇಲೆ ನಡೆದು ದಾಟಿ. ಟವರ್ ಹಿಲ್ ಸ್ಟೇಷನ್ ಅಲ್ಲೇ ಹತ್ತಿರ.