ಮೋಡ ಬಿತ್ತನೆ: ಊರಿನವರು ಕೇಳಿ ಪಡೆಯಬೇಕಾದ ದಾಖಲೆಗಳು

ಮಳೆ ತರಿಸಲು ವಿಮಾನದಿಂದ ಮೋಡಕ್ಕೆ ರಾಸಾಯನಿಕ ಸೇರಿಸುವುದೇ ಮೋಡ ಬಿತ್ತನೆ. ಅದಕ್ಕೆಂದೇ ಮಾಡಿದ ಕಾಯ್ದೆ ನಮ್ಮಲ್ಲಿಲ್ಲ. ರಾಜ್ಯ ಸರ್ಕಾರದ ಬಿತ್ತನೆ ಯೋಜನೆಗಳಾದ 2003ರ ‘ವರುಣ’ವಾಗಲಿ, 2017 ಮತ್ತು 2019ರ ‘ವರ್ಷಧಾರೆ’ಯಾಗಲಿ ನಡೆದದ್ದು ಸರ್ಕಾರಿ ಆದೇಶ, ಗುತ್ತಿಗೆ ಮತ್ತು ವಿಮಾನ ಹಾರಾಟದ ಅನುಮತಿಗಳ ಮೇಲೆ. ಹಾಗಾಗಿ ಪ್ರಶ್ನಿಸುವ ದಾರಿಯೂ ಕಾಗದಪತ್ರಗಳ ಮೂಲಕವೇ. ‘ಮಳೆ ಬಂತು’, ‘ಬರಲಿಲ್ಲ’ ಎಂಬ ವಾದಕ್ಕೆ ಕೊನೆಯಿಲ್ಲ. ಕೇಳಬೇಕಾದದ್ದು ಫ್ಲೇರ್ (ಉರಿದು ಮೋಡಕ್ಕೆ ರಾಸಾಯನಿಕ ಬಿಡುವ ಕಡ್ಡಿ) ಉರಿಸಿದ ಲಾಗ್, ಅಂದರೆ ಹಾರಾಟದ ವಿವರ ಬರೆದಿಟ್ಟ ದಾಖಲೆ.

ಮಾಹಿತಿ ಹಕ್ಕಿನ ಅರ್ಜಿಗೆ ಕರ್ನಾಟಕದ ನಿಯಮ ಬಿಗಿ: ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಒಳಗೆ, ಶುಲ್ಕ 10 ರೂಪಾಯಿ. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಅದೇ ನೆಪದಲ್ಲಿ ವಾಪಸು ಬರುತ್ತದೆ. ‘ವರ್ಷಧಾರೆ’ ನಡೆಸಿದ್ದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ. ಈಗಿನದು ಬೇರೆ ಇಲಾಖೆಯದಾಗಿದ್ದರೆ 5 ದಿನದಲ್ಲಿ ಅರ್ಜಿಯನ್ನು ಅಲ್ಲಿಗೆ ವರ್ಗಾಯಿಸುವುದು ಅಧಿಕಾರಿಯ ಕೆಲಸ. ಮೊದಲ ಅರ್ಜಿಯ ಒಕ್ಕಣೆ ಹೀಗಿರಲಿ:

“ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಇಂಥ ತಾಲ್ಲೂಕಿನ ಮೇಲೆ ನಡೆದ ಪ್ರತಿ ಹಾರಾಟದ ಲಾಗ್ ಪ್ರತಿ: ಏರಿದ ಮತ್ತು ಇಳಿದ ಸಮಯ, ಪ್ರತಿ ಫ್ಲೇರ್ ಉರಿಸಿದ ಸಮಯ, ಅಕ್ಷಾಂಶ-ರೇಖಾಂಶ, ಎತ್ತರ, ಫ್ಲೇರ್‌ನ ರಾಸಾಯನಿಕ ಮತ್ತು ಸಂಖ್ಯೆ, ಅದೇ ಹೊತ್ತಿನ ರೇಡಾರ್ ಚಿತ್ರಗಳು.”

ಎರಡನೆಯದರಲ್ಲಿ ಒಪ್ಪಂದ, ಬಿಲ್ಲು, ಟೆಂಡರ್ ಕಡತ. ಸರ್ಕಾರಿ ಖರೀದಿಗೆ ಟೆಂಡರ್ ಕಡ್ಡಾಯ ಮಾಡುವ ಕೆಟಿಪಿಪಿ ಕಾಯ್ದೆಯ ಕಲಂ 4(ಜಿ) ಅಡಿ ಟೆಂಡರ್‌ನಿಂದ ವಿನಾಯಿತಿ ಕೊಟ್ಟಿದ್ದರೆ ಆ ಆದೇಶವನ್ನೂ ಕೇಳಿ. ಹಣ ಹಾರಾಟದ ಗಂಟೆಗೋ, ಬಿತ್ತಿದ ಮೋಡಕ್ಕೋ? ಗಂಟೆ ಲೆಕ್ಕವಾದರೆ ಮೋಡವಿಲ್ಲದ ದಿನ ಹಾರಿದರೂ ಬಿಲ್ ಆಗುತ್ತದೆ. ‘ಏಕೆ ಮಾಡಿದಿರಿ’ ಎಂದು ಮಾತ್ರ ಬರೆಯಬೇಡಿ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಸಿಗುವುದು ದಾಖಲೆ, ಸಮಜಾಯಿಷಿಯಲ್ಲ.

‘ಕಂಪನಿಯ ವ್ಯಾಪಾರ ಗುಟ್ಟು’ ಎಂದು ಕಲಂ 8(1)(ಡಿ) ತೋರಿಸುವುದು ಮಾಮೂಲು. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬೇಕೆಂದು ಅದೇ ಕಲಂ ಹೇಳುತ್ತದೆ. ಫ್ಲೇರ್‌ನ ತಯಾರಿಕೆ ಗುಟ್ಟಿರಬಹುದು, ಎಲ್ಲಿ ಯಾವಾಗ ಉರಿಸಿದರೆಂಬುದು ಹೇಗೆ ಗುಟ್ಟಾದೀತು? 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ.

ಲಾಗ್ ಕೈಗೆ ಬಂದ ಮೇಲೆ ಎತ್ತರ ನೋಡಿ. ಉಪ್ಪಿನ ಫ್ಲೇರ್ ಉರಿಸುವುದು ಮೋಡದ ಬುಡದಲ್ಲಿ, ಗಾಳಿ ಮೇಲೇರುವ ಕಡೆ. ಸಿಲ್ವರ್ ಅಯೊಡೈಡ್ (ಬೆಳ್ಳಿಯ ಸಂಯುಕ್ತ) ಕೆಲಸ ಮಾಡುವುದು ಸುಮಾರು ಮೈನಸ್ 5 ಡಿಗ್ರಿಗಿಂತ ತಣ್ಣಗಿನ ಭಾಗದಲ್ಲಿ. ಮೋಡದ ತುದಿ ಅಷ್ಟು ಎತ್ತರಕ್ಕೆ ಬೆಳೆದೇ ಇಲ್ಲವೆಂದು ರೇಡಾರ್ ತೋರಿಸಿದರೆ ಆ ಫ್ಲೇರ್ ದಂಡ. ಆಮೇಲೆ ಗಾಳಿ ಬೀಸುವ ದಿಕ್ಕಿನ ಪಂಚಾಯಿತಿಗಳ ಮಳೆಮಾಪಕದ ಅಂಕಿ ತೆಗೆಯಿರಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ (ಕೆಎಸ್‌ಎನ್‌ಡಿಎಂಸಿ) ಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಫ್ಲೇರ್‌ಗೆ ಮೊದಲೇ ಶುರುವಾದ ಮಳೆಯನ್ನು ಯೋಜನೆಯ ಲೆಕ್ಕಕ್ಕೆ ಹಾಕಿದ್ದಾರೆಯೇ ಎಂಬುದು ಇಲ್ಲೇ ಗೊತ್ತಾಗುತ್ತದೆ. ಆದರೂ ಒಂದು ದಿನದ ಮಳೆಯಿಂದ ಯಾವುದೂ ಸಾಬೀತಾಗದು. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಸೋಲಾಪುರದಲ್ಲಿ ಬಿತ್ತಿದ ಮತ್ತು ಬಿತ್ತದ ಮೋಡಗಳನ್ನು ಹೋಲಿಸಿಯೇ ಸರಾಸರಿ ಶೇ 18ರಷ್ಟು ಹೆಚ್ಚಳ ಎಂದದ್ದು. ಅಂಥ ಹೋಲಿಕೆಯಿಲ್ಲದ ಶೇಕಡಾವಾರು ಹೇಳಿಕೆಯನ್ನು ನಾವಂತೂ ನಂಬುವುದಿಲ್ಲ.

ಬಿತ್ತನೆಯಾದ ಮೇಲೆ ಹೊಲ ಮುಳುಗಿತೇ? ಮೊದಲು ಬೆಳೆ ವಿಮೆ, ಕೋರ್ಟು ಆಮೇಲೆ. ಫಸಲ್ ಬಿಮಾದಲ್ಲಿ ಸ್ಥಳೀಯ ವಿಕೋಪದ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಫಸಲಿಗೆ 14 ದಿನದವರೆಗೆ ರಕ್ಷಣೆಯುಂಟು. ನಿಮ್ಮ ಬೆಳೆಗೆ ಯಾವುದು ಅನ್ವಯ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಳ್ಳಿ. ಸರ್ಕಾರದ ಮೇಲೆ ಸಿವಿಲ್ ದಾವೆಗೆ ಸಾಮಾನ್ಯವಾಗಿ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಕಲಂ 80ರ ಎರಡು ತಿಂಗಳ ನೋಟಿಸು ಬೇಕು, ಜೊತೆಗೆ ಆ ಮಳೆ ಬಿತ್ತನೆಯಿಂದಲೇ ಬಂತೆಂದು ತೋರಿಸಬೇಕು. ಅಲ್ಲಿಯೇ ಬಹುತೇಕರು ಸೋಲುವುದು.

‘ನಮ್ಮ ಮೋಡ ಪಕ್ಕದ ತಾಲ್ಲೂಕಿನವರು ಕದ್ದರು’, ‘ಕೆರೆಗೆ ವಿಷ ಬಿತ್ತು’ ಎಂಬ ಮಾತು ಹುಟ್ಟುವುದು ವಿಮಾನ ಹಾರಿದ ಮೇಲೆ ವಿಷಯ ತಿಳಿದಾಗ. ಅಮೆರಿಕದ ಟೆಕ್ಸಾಸ್‌ನಲ್ಲಿ ಪರವಾನಗಿಗೆ ಮೊದಲೇ ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಣೆ ಕಡ್ಡಾಯ. ಇಲ್ಲಿ ಗ್ರಾಮಸಭೆಯಲ್ಲಿ ಠರಾವು ಮಾಡಿ ದಿನಾಂಕ, ರಾಸಾಯನಿಕ, ಹೊಣೆಯ ಅಧಿಕಾರಿ ಯಾರೆಂದು ಬರಹದಲ್ಲಿ ಕೇಳಬಹುದು. ಕೆರೆ ನೀರಿನ ಒಂದು ಮಾದರಿಯನ್ನು ಬಿತ್ತನೆಗೆ ಮುಂಚೆಯೇ, ಪಿಡಿಒ ಮುಂದೆ ಸೀಲು ಮಾಡಿಸಿ ಪ್ರಯೋಗಾಲಯಕ್ಕೆ ಕಳಿಸಿ ಬೆಳ್ಳಿಯ ಅಂಶ ಅಳೆಸಿ. ಮೊದಲಿನ ಮಾದರಿ ಇಲ್ಲದಿದ್ದರೆ ನಂತರದ ವರದಿಯನ್ನು ಯಾವುದಕ್ಕೂ ಹೋಲಿಸಲು ಬರುವುದಿಲ್ಲ.