ಬೆಪ್ಪುವಿಗೆ ಹೋಗಿ ಬೆಪ್ಪಾಗದೆ ಬಂದಿದ್ದು

ಜಪಾನಿನ ಒಸಾಕಾ, ಕೋಬೆ ಕಡೆ ಇರುವ ನಮ್ಮವರಿಗೆಲ್ಲ ಒಂದು ವಿಷಯ ಬಾಯಿಪಾಠ. ಮೀನು, ಮಾಂಸ ತಿನ್ನದವರು ಆನ್ಸೆನ್ ರಿಯೋಕಾನ್‌ಗೆ, ಅಂದರೆ ಬಿಸಿನೀರಿನ ಬುಗ್ಗೆಯ ಸ್ನಾನವಿರುವ ಜಪಾನಿ ವಸತಿಗೃಹಕ್ಕೆ, ಹೋಗಬಾರದು. ಹೋದರೆ ದುಡ್ಡು ಕೊಟ್ಟು ಉಪವಾಸ ಬೀಳಬೇಕು. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗ್ತೇನೆ ಅಂದಾಗ ಒಬ್ಬರು ನಕ್ಕರು. "ಭಾವಾ, ಏಕಾದಶಿ ನೋಡಿ ಹೊರಡಿ. ಪುಣ್ಯವಾದರೂ ಬರ್ತದೆ" ಅಂದರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬೆಪ್ಪು ಎಂಬ ಆನ್ಸೆನ್ ಊರಿನಲ್ಲಿ ಮೂರು ರಾತ್ರಿ ಇದ್ದೆವು. ಮೂರು ಹೊತ್ತೂ ಹೊಟ್ಟೆ ತುಂಬ ಉಂಡೆವು. ಬೆಳಿಗ್ಗೆ ಬಿಸಿಬಿಸಿ ಇಡ್ಲಿ, ಅದೂ ಗ್ಯಾಸ್ ಹಚ್ಚದೆ.

ಅದಕ್ಕೆ ಮೊದಲು ಕೈ ಸುಟ್ಟುಕೊಂಡ ಕತೆ ಹೇಳಬೇಕು.

ಅಪ್ಪ ಅಮ್ಮ ಮೊದಲ ಸಲ ಬಂದಾಗ ಅರಿಮಾ ಆನ್ಸೆನ್‌ಗೆ ಹೋಗಿದ್ದೆವು. ಕೋಬೆಯಿಂದ ಹತ್ತಿರ, ಹೆಸರಿರುವ ಜಾಗ. ರಾತ್ರಿ ಊಟ, ಬೆಳಿಗ್ಗೆ ಊಟ ಸೇರಿ ತಲೆಗೆ ಸುಮಾರು 28,000 ಯೆನ್. ನಾಲ್ಕು ಜನಕ್ಕೆ ಲಕ್ಷದ ಮೇಲೆ. ಎರಡು ಸಲ ಮೇಲ್ ಮಾಡಿ ಸಸ್ಯಾಹಾರ ಅಂತ ಹೇಳಿದ್ದೆ. ಅವರೂ ಪಾಪ ಒಪ್ಪಿದ್ದರು. ಊಟಕ್ಕೆ ಕೂತರೆ ಹದಿನಾಲ್ಕು ಪುಟ್ಟ ಪುಟ್ಟ ಬಟ್ಟಲು. ಹಸಿ ಮೀನಿನ ಸಶಿಮಿ ಇರಲಿಲ್ಲ, ನಿಜ. ಆದರೆ ತೋಫು ಮೇಲೆ ಒಣಮೀನಿನ ಕತ್ಸುಓಬುಶಿ ಚೂರುಗಳು ಬಿಸಿಗೆ ಕುಣಿಯುತ್ತಿದ್ದವು. ಹುದುಗಿಸಿದ ಸೋಯಾದ ಮಿಸೊ ಸೂಪಿನಲ್ಲಿ ದಾಶಿ, ಅಂದರೆ ಒಣಮೀನು ಹಾಕಿ ಸೋಸಿದ ರಸ. ಬದನೆಕಾಯಿಯಲ್ಲಿ ದಾಶಿ. ಮೂಲಂಗಿಯಲ್ಲೂ ದಾಶಿ. ಅವರ ಲೆಕ್ಕದಲ್ಲಿ ಮೀನು ಅಂದರೆ ಮೀನಿನ ತುಂಡು. ನೀರಿಗೆ ಹಾಕಿ ಸೋಸಿ ತೆಗೆದರೆ ಅದು ಮೀನಲ್ಲ. ಅಮ್ಮ ಅನ್ನಕ್ಕೆ ಉಪ್ಪಿನಕಾಯಿ ಕಲಸಿ ಉಂಡರು. ಒಂದು ಮಾತೂ ಆಡಲಿಲ್ಲ. ಆ ಮೌನದ ಬೆಲೆ ನನ್ನ ಲೆಕ್ಕದಲ್ಲಿ ಒಂದು ಲಕ್ಷದ ಹದಿನೈದು ಸಾವಿರ ಯೆನ್.

ಸ್ನಾನವೂ ಅಷ್ಟೇ. ಎಲ್ಲರ ಎದುರು ಬರೀ ಮೈಯಲ್ಲಿ ಇಳಿಯೋಲ್ಲ ಅಂತ ಅಪ್ಪ ಹಟ ಹಿಡಿದರು. ಪ್ರತ್ಯೇಕ ತೊಟ್ಟಿ ಆ ದಿನ ಖಾಲಿ ಇರಲಿಲ್ಲ. ಕಾಲು ಅದ್ದಿ ಬಂದರು. ಅರಿಮಾದ ಕಬ್ಬಿಣದ ನೀರಿನಲ್ಲಿ ಅವರ ಬಿಳಿ ಪಂಚೆಯ ಅಂಚು ಕೆಂಪಾಯಿತು. ಊರಿಗೆ ಹೋದರೂ ಆ ಕಲೆ ಬಿಡಲಿಲ್ಲವಂತೆ.

ಬೌದ್ಧರ ಕೋಯಾಸಾನ್ ಬೆಟ್ಟ ಇದೆಯಲ್ಲ, ದೇವಸ್ಥಾನದಲ್ಲೇ ಉಳಿದು ಶೋಜಿನ್, ಅಂದರೆ ಭಿಕ್ಷುಗಳ ಸಸ್ಯಾಹಾರದ ಊಟ ಮಾಡಬಹುದಲ್ಲ ಅಂತ ನೀವು ಕೇಳುತ್ತೀರಿ. ಅದೂ ಆಯಿತು. ಅಲ್ಲಿ ದಾಶಿಗೂ ಕೊಂಬು ಎಂಬ ಕಡಲಪಾಚಿ, ಶಿಟಾಕೆ ಅಣಬೆ ಮಾತ್ರ. ಊಟ ಬಹಳ ಚೆನ್ನಾಗಿತ್ತು. ಆದರೆ ಆನ್ಸೆನ್ ಅಂತ ಹೊರಟವರಿಗೆ ಭೂಮಿಯಿಂದ ಬಂದ ಬಿಸಿನೀರು ಬೇಕು, ಅಲ್ವಾ? ನಾವು ಉಳಿದ ದೇವಸ್ಥಾನದಲ್ಲಿ ಅದಿರಲಿಲ್ಲ.

ದಾರಿ ತೋರಿಸಿದ್ದು ಆಫೀಸಿನ ಒಬ್ಬ ಜಪಾನಿ ಹಿರಿಯರು. ಊರು ಓಇತಾ. "ಊಟದ ವಿಷಯಕ್ಕೆ ಯಾಕೆ ಜಗಳ? ಊಟವೇ ಬೇಡ ಅನ್ನಿ. ಕನ್ನಾವಾಗೆ ಹೋಗಿ ನೀವೇ ಬೇಯಿಸಿಕೊಳ್ಳಿ" ಅಂದರು. ಕನ್ನಾವಾ ಇರುವುದು ಅದೇ ಓಇತಾದ ಬೆಪ್ಪು ಊರಿನಲ್ಲಿ. ಹೆಸರು ಕೇಳಿ ಅಮ್ಮ ಫೋನಿನಲ್ಲೇ ನಕ್ಕರು. "ಹೋದವರು ಬೆಪ್ಪರಾ, ಊರೇ ಬೆಪ್ಪಾ?"

ಹಳೇ ಕಾಲದಲ್ಲಿ ರೈತರು ಕೊಯ್ಲು ಮುಗಿಸಿ, ಅಕ್ಕಿ ಮಿಸೊ ಹೊತ್ತುಕೊಂಡು ಇಂಥ ಊರುಗಳಿಗೆ ಬರುತ್ತಿದ್ದರು. ವಾರಗಟ್ಟಲೆ ಇದ್ದು ಮೈಕೈ ನೋವು ಕಳೆದುಕೊಂಡು ಹೋಗುತ್ತಿದ್ದರು. ಅಡುಗೆ ಅವರದೇ. ಇದಕ್ಕೆ ತೋಜಿ ಅನ್ನುತ್ತಾರೆ. ಕನ್ನಾವಾದಲ್ಲಿ ಆ ಪದ್ಧತಿಯ ಕಾಶಿಮಾ, ಅಂದರೆ ಬಾಡಿಗೆ ಕೋಣೆಯ ಮನೆಗಳು ಇನ್ನೂ ಉಳಿದಿವೆ. ಚಾಪೆ ಹಾಸಿದ ತತಾಮಿ ಕೋಣೆ, ನೆಲದ ಹಾಸಿಗೆ ಫುತೊನ್, ಹತ್ತಿಯ ನಿಲುವಂಗಿ ಯುಕಾತಾ, ಆನ್ಸೆನ್ ತೊಟ್ಟಿ ಎಲ್ಲ ಇರುತ್ತದೆ. ಊಟ ಮಾತ್ರ ಇಲ್ಲ. ಅದರ ಬದಲು ಹಿತ್ತಲಲ್ಲಿ ಹಬೆ ಒಲೆ. ಭೂಮಿಯಿಂದ ಬರುವ ಹಬೆಯನ್ನು ಕಲ್ಲಿನ ಗುಂಡಿಗೆ ಬಿಟ್ಟು ಮೇಲೆ ಮರದ ಮುಚ್ಚಳ ಹಾಕಿರುತ್ತಾರೆ. ಹೆಸರು ಜಿಗೋಕು-ಗಾಮಾ, ಅಂದರೆ ನರಕದ ಒಲೆ. ಈ ಅರ್ಥವನ್ನು ಅಮ್ಮನಿಗೆ ಕೊನೆಯ ದಿನದವರೆಗೂ ಹೇಳಲಿಲ್ಲ.

ಹಬೆ ಇದೆ ಅಂದಮೇಲೆ ಇಡ್ಲಿ ಯಾಕಾಗಬಾರದು? ಇದು ನನ್ನ ವಾದ. ಒಬ್ಬರೂ ಒಪ್ಪಲಿಲ್ಲ. "ಗಂಧಕದ ವಾಸನೆ ಇಡ್ಲಿಗೆ ಹತ್ತುತ್ತದೆ, ನಾಯಿಯೂ ಮೂಸೋಲ್ಲ" ಅಂದವರಿದ್ದಾರೆ. ಹಾಗಾಗಿ ಮೊದಲು ಫೆಬ್ರವರಿಯಲ್ಲಿ ನಾನು, ಹೆಂಡತಿ ಇಬ್ಬರೇ ಹೋಗಿ ಪರೀಕ್ಷೆ ಮಾಡಿದೆವು.

ಒಸಾಕಾದಿಂದ ಬೆಪ್ಪುವಿಗೆ ರಾತ್ರಿ ಹಡಗಿದೆ. ಸಂಜೆ ಏಳರ ಸುಮಾರಿಗೆ ಹೊರಟರೆ ಬೆಳಿಗ್ಗೆ ಏಳರ ಹೊತ್ತಿಗೆ ಬೆಪ್ಪು. ತಲೆಗೆ ಹತ್ತು ಸಾವಿರ ಯೆನ್ ಸುತ್ತಮುತ್ತ ಕೊಟ್ಟ ನೆನಪು. ಒಂದು ರಾತ್ರಿಯ ಹೋಟೆಲ್ ಉಳಿಯಿತು. ಇನ್ನೊಂದು ಲಾಭ ಆಮೇಲೆ ಹೊಳೆಯಿತು. ಫೆಬ್ರವರಿಯಲ್ಲಿ ಒಸಾಕಾದ ನಮ್ಮ ಮನೆಯಲ್ಲಿ ಹಿಟ್ಟು ಎರಡು ದಿನ ಇಟ್ಟರೂ ಹುಳಿ ಬರುವುದಿಲ್ಲ. ಹಡಗಿನ ಒಳಗೆ ಹದವಾದ ಸೆಕೆ. ಹಿಟ್ಟು ರಾತ್ರಿಯಿಡೀ ಉಬ್ಬುತ್ತಲೇ ಇರುತ್ತದೆ. ಇದು ಗೊತ್ತಿಲ್ಲದೆ ಬಿಗಿ ಮುಚ್ಚಳದ ಡಬ್ಬಿ ತಂದಿದ್ದೆ. ರಾತ್ರಿ ಎರಡು ಗಂಟೆಗೆ ಚೀಲದೊಳಗೆ ಪಟ್ ಅಂತ ಸದ್ದಾಯಿತು. ನನ್ನ ಸ್ವೆಟರ್, ಚಾರ್ಜರ್, ಹೆಂಡತಿಯ ಕಂಬಳಿ ಎಲ್ಲ ಹಿಟ್ಟುಮಯ. ಸಾಲಾಗಿ ಮಲಗುವ ಕೋಣೆ ಅದು. ಪಕ್ಕದ ಮುದುಕ ಎದ್ದು ಕೂತು ಮೂಸಿದರು. ಸಾಕೆ, ಅಂದರೆ ಅಕ್ಕಿ ಮದ್ಯದ ಬಾಟಲಿ ಒಡೆದುಹೋಯಿತಾ ಅಂತ ಬೇಸರದಿಂದ ಕೇಳಿದರು.

ಉಳಿದ ಹಿಟ್ಟಿನಲ್ಲಿ ಮಾಡಿದ್ದೂ ಕೆಟ್ಟಿತು. ತಪ್ಪು ಒಂದಲ್ಲ. ಜಪಾನಿನ ಅಕ್ಕಿ ಹಾಕಿದ್ದೆ. ಅದರ ಅಂಟಿಗೆ ಇಡ್ಲಿ ಜಪಾನಿನ ಅಂಟುಂಡೆ ಮೋಚಿಯಂತಾಯಿತು, ಕೈಗೆ ಹಿಡಿದರೆ ಬಿಡದು. ಮನೆಯ ಲೆಕ್ಕದಲ್ಲಿ ಹದಿನೈದು ನಿಮಿಷ ಇಟ್ಟೆ. ಆ ಹಬೆಯ ರಭಸಕ್ಕೆ ಅದು ಜಾಸ್ತಿ. ಮರದ ಮುಚ್ಚಳದಿಂದ ನೀರು ತೊಟ್ಟಿಕ್ಕಿ ಮೇಲೆಲ್ಲ ಗುಳಿ ಬಿತ್ತು. ಉಪ್ಪನ್ನು ಎಂದಿನಷ್ಟೇ ಹಾಕಿದ್ದೆ, ಅಲ್ಲಿನ ಹಬೆಯಲ್ಲೇ ಸಣ್ಣಗೆ ಉಪ್ಪಿದೆ. ಪಕ್ಕದ ಒಲೆಯಲ್ಲಿ ಯಾರೋ ಏಡಿ ಬೇಯಿಸುತ್ತಿದ್ದರು. ಮುಚ್ಚಳ ತೆಗೆದಾಗ ಆ ವಾಸನೆಯೂ ನಮ್ಮ ಪಾಲಿಗೆ ಬಂತು.

ಅಪ್ಪ ಅಮ್ಮನನ್ನು ಕರೆದೊಯ್ದ ಎರಡನೇ ಸಲಕ್ಕೆ ಎಲ್ಲ ತಿದ್ದಿಕೊಂಡೆ. ಕೋಬೆಯ ಇಂಡಿಯನ್ ಅಂಗಡಿಯ ಇಡ್ಲಿ ರವೆ, ಉದ್ದು. ಜೊತೆಗೆ ಒಂದು ಹಿಡಿ ಇನ್ನೊಂದು ವಸ್ತು. ಅದೇನು ಅಂತ ಸದ್ಯಕ್ಕೆ ನಮ್ಮ ಮನೆಯ ಗುಟ್ಟು. ಡಬ್ಬಿ ಅರ್ಧ ಮಾತ್ರ ತುಂಬಿ, ಮುಚ್ಚಳದ ಬದಲು ಬಟ್ಟೆ ಕಟ್ಟಿ, ಬಕೆಟ್ಟಿನಲ್ಲಿ ನಿಲ್ಲಿಸಿ ಒಯ್ದೆ. ಮನೆ ಹುಡುಕುವಾಗ ಕೇಳಿದ್ದು ಒಂದೇ ಪ್ರಶ್ನೆ: ಒಲೆ ಎಷ್ಟಿದೆ? ಒಂದೇ ಇದ್ದರೆ ಬೇಡ. ನಾಲ್ಕೈದು ಇದ್ದರೆ ಒಂದನ್ನು ಏಡಿ, ಮೊಟ್ಟೆ ಇಲ್ಲದೆ ನಮಗೇ ಬಿಟ್ಟುಕೊಡುತ್ತಾರೆ. ನಾನು ಫೋನ್ ಮಾಡಿದ ಮನೆಗಳಲ್ಲಿ ಎರಡು ಕಡೆ ಆಗಲ್ಲ ಅಂದರು, ಮೂರನೆಯದು ಸಿಕ್ಕಿತು. ಹೆಸರು ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಇರುವುದೇ ಏಳೆಂಟು ಕೋಣೆ.

ಬೆಳಿಗ್ಗೆ ಅಮ್ಮ ಹಿತ್ತಲಿಗೆ ಬಂದು ಒಲೆ ನೋಡಿದರು. ಊರಿಡೀ ಚರಂಡಿಯಿಂದಲೂ ಹಬೆ ಏಳುತ್ತಿತ್ತು. ತೊಟ್ಟಿಕ್ಕುವ ನೀರಿಗೆ ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಅಮ್ಮ ಏನೂ ಕೇಳದೆ ಒಂದು ಬೈರಾಸು ಹಿಂಡಿ ಮುಚ್ಚಳದ ಒಳಮೈಗೆ ಬಿಗಿದರು. ಮದುವೆ ಮನೆಯ ಅಡುಗೆಯಲ್ಲಿ ಮಾಡುವ ಉಪಾಯ ಅದು. ನಾಲ್ಕು ಇಡ್ಲಿ ತಟ್ಟೆಗಳನ್ನು ಬಿದಿರಿನ ಬುಟ್ಟಿಯಲ್ಲಿಟ್ಟೆ. ಮೊಣಕೈವರೆಗಿನ ಕೈಗವಸು ಹಾಕಿ ಇಳಿಸಿದೆ. ಎಂಟು ನಿಮಿಷ. ಮುಚ್ಚಳ ತೆಗೆದಾಗ ಒಂದು ಕ್ಷಣ ಏನೂ ಕಾಣಲಿಲ್ಲ, ಎಲ್ಲ ಬಿಳಿ. ಹಬೆ ಸರಿದ ಮೇಲೆ ನೋಡಿದರೆ ಅದಕ್ಕಿಂತ ಬಿಳಿ ಇಡ್ಲಿ, ಮೇಲೆ ಒಂದು ಗುಳಿಯಿಲ್ಲ. ಅಮ್ಮ ಬೆರಳಲ್ಲಿ ಒತ್ತಿ ನೋಡಿ "ಆಯ್ತು" ಅಂದರು. ನನಗೆ ಡಿಗ್ರಿ ಬಂದಾಗಲೂ ಅವರು ಇಷ್ಟು ಗಂಭೀರವಾಗಿ ಆಯ್ತು ಅಂದಿರಲಿಲ್ಲ.

ಗಂಧಕದ ವಾಸನೆ? ಬಿಸಿ ಇರುವಾಗ ಹತ್ತಿರ ಹಿಡಿದರೆ ಒಂಚೂರು ಬರುತ್ತದೆ. ಚಟ್ನಿಪುಡಿ, ಎಳ್ಳೆಣ್ಣೆ ಮುಂದೆ ಅದು ಲೆಕ್ಕಕ್ಕಿಲ್ಲ. ಆ ಬಾಡಿಗೆ ಮನೆಯ ಅಜ್ಜಿಗೆ ಎರಡು ಕೊಟ್ಟೆವು. "ಮುಶಿಪಾನ್?", ಅಂದರೆ ಹಬೆಯಲ್ಲಿ ಬೆಂದ ಬ್ರೆಡ್ಡಾ ಅಂತ ಕೇಳಿ, ಸೋಯಾ ಸಾಸ್ ಹಾಕಿಕೊಂಡು ತಿಂದರು. ಸಂಜೆಗೆ ಒಂದು ಬುಟ್ಟಿ ಕಾಬೋಸು ಹಣ್ಣು ತಂದುಕೊಟ್ಟರು. ನಿಂಬೆಗಿಂತ ಹುಳಿ ಸಾಧು, ಪರಿಮಳ ಬೇರೆ. ಮರುದಿನದ ಚಿತ್ರಾನ್ನ ಅದರಲ್ಲೇ ಆಯಿತು.

ಬೇರೆ ಪ್ರಯೋಗಗಳೂ ನಡೆದವು. ಸಿಹಿಗೆಣಸು, ಜೋಳ, ಸಿಹಿಗುಂಬಳ ಎಲ್ಲ ಒಳ್ಳೆಯದೇ. ಆ ಗೆಣಸಿನ ರುಚಿ ಮನೆಯ ಕುಕ್ಕರಿಗೆ ಬಾರದು. ಪಾತ್ರೆಯಲ್ಲಿ ನೀರು ಹಾಕಿಟ್ಟರೆ ಅನ್ನವೂ ಆಗುತ್ತದೆ. ಹೆಸರುಬೇಳೆ ಬೆಂದಿತು. ತೊಗರಿಬೇಳೆ ಒಂದೂವರೆ ಗಂಟೆ ಇಟ್ಟರೂ ಕಚಕಚ ಅನ್ನುತ್ತಿತ್ತು, ಆ ರಾತ್ರಿ ಸಾರು ರದ್ದು. ನಮ್ಮ ಪುತ್ತೂರಿನ ಕೊಟ್ಟೆ ಕಡುಬು ಮಾಡಲು ಹಲಸಿನ ಎಲೆ ಎಲ್ಲಿ ತರೋದು? ವಿಯೆಟ್ನಾಂ ಅಂಗಡಿಯ ಫ್ರೀಜರಿನ ಬಾಳೆಲೆ ಕಟ್ಟಿ ನೋಡಿದೆವು. ಆಕಾರ ಬಂತು, ಘಮ ಬರಲಿಲ್ಲ.

ಸ್ನಾನದ ಸಮಸ್ಯೆ ತಾನೇ ಬಗೆಹರಿಯಿತು. ಈ ಮನೆಯಲ್ಲಿ ತೊಟ್ಟಿಯ ಕೋಣೆಗೆ ಒಳಗಿನಿಂದ ಚಿಲಕ ಹಾಕಬಹುದು, ಒಂದು ಕುಟುಂಬದ ನಂತರ ಇನ್ನೊಂದು. ಬೇರೆ ಹಣ ಇಲ್ಲ. ಅಪ್ಪ ಮೊದಲ ದಿನ ಒಬ್ಬರೇ ಹೋಗಿ ಮುಕ್ಕಾಲು ಗಂಟೆ ಹೊರಗೇ ಬರಲಿಲ್ಲ. ನಾನು ಬಾಗಿಲು ಬಡಿದೆ. "ಇರು ಮಾರಾಯ, ಬಚ್ಚಲ ಹಂಡೆಯಲ್ಲೇ ಕೂತ ಹಾಗಿದೆ" ಅಂದರು. ನಮ್ಮ ಕಡೆಯ ಬಿಸಿನೀರಿನ ಬುಗ್ಗೆ, ಇರ್ದೆಯ ಬೆಂದ್ರು ತೀರ್ಥ ಇದರ ಮುಂದೆ ಬರೀ ಉಗುರುಬೆಚ್ಚಗೆ ಅಂತ ತೀರ್ಪೂ ಬಂತು. ಮೂರನೇ ದಿನ ಅವರಾಗಿಯೇ ಊರಿನ ಸಾರ್ವಜನಿಕ ಸ್ನಾನಕ್ಕೆ ಹೊರಟರು. ತೊಟ್ಟಿಗೆ ಟವೆಲ್ ಅದ್ದಬಾರದು ಅಂತ ಹೇಳಿಕೊಟ್ಟಿದ್ದೆ. ಜನಿವಾರ ಟವೆಲ್ ಲೆಕ್ಕವಾ ಅಂತ ಅಲ್ಲಿ ಯಾರೂ ಕೇಳಲಿಲ್ಲ.

ಅಮ್ಮನಿಗೆ ಹಿಡಿಸಿದ್ದು ಕನ್ನಾವಾ ಮುಶಿಯು, ಅಂದರೆ ಹಬೆ ಸ್ನಾನ. ಇಪ್ಪೆನ್ ಎಂಬ ಸನ್ಯಾಸಿ 1276ರಲ್ಲಿ ಶುರು ಮಾಡಿದ್ದು ಅಂತ ಅಲ್ಲಿಯವರ ನಂಬಿಕೆ. ಬಟ್ಟೆ ಹಾಕಿಕೊಂಡೇ ಹೋಗಬೇಕು, ಅದೇ ದೊಡ್ಡ ಸಮಾಧಾನ. ಮಂಡಿಯೂರಿ ನುಸುಳುವಷ್ಟು ಪುಟ್ಟ ಬಾಗಿಲು. ಒಳಗೆ ಕತ್ತಲು, ನೆಲದ ತುಂಬ ಸೆಕಿಶೋ ಹುಲ್ಲು ಹಾಸಿದೆ. ಅದರ ಮೇಲೆ ಹತ್ತು ನಿಮಿಷದೊಳಗೆ ಮಲಗಿ ಏಳಬೇಕು. ಹೊರಬಂದ ಅಮ್ಮ ಅಂಗೈ ಮೂಸಿ, "ಇದು ಬಜೆಯ ವಾಸನೆ, ನಿನಗೆ ಮಗುವಾಗಿದ್ದಾಗ ತೇಯ್ದು ನೆಕ್ಕಿಸಿದ್ದು" ಅಂದರು. ನಾನು ನಂಬಲಿಲ್ಲ. ಕೋಣೆಗೆ ಬಂದು ಹುಡುಕಿದರೆ ಎರಡೂ ಒಂದೇ ಜಾತಿಯ ಗಿಡ, ಆಕೊರಸ್.

ಒಂದು ಎಚ್ಚರಿಕೆ. ಹತ್ತಿರದ ಮ್ಯೋಬಾನ್ ಆನ್ಸೆನ್‌ಗೆ ಹೋದರೆ ಬೆಳ್ಳಿ ತೆಗೆದಿಟ್ಟು ನೀರಿಗಿಳಿಯಿರಿ. ಅಲ್ಲಿನದು ಗಂಧಕದ ನೀರು. ನನಗೆ ನೆನಪಾಗುವಷ್ಟರಲ್ಲಿ ಅಪ್ಪನ ಉಡಿದಾರ, ಅಮ್ಮನ ಕಾಲುಂಗುರ ಇದ್ದಲಿನ ಹಾಗೆ ಕಪ್ಪಾಗಿದ್ದವು. ಅಮ್ಮನ ಮುಖವೂ ಕಪ್ಪಿಟ್ಟಿತು. ಪಾತ್ರೆಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬಿಸಿನೀರು, ಅಡುಗೆ ಸೋಡಾ ಹಾಕಿ, ಬೆಳ್ಳಿ ಫಾಯಿಲ್ಲಿಗೆ ತಾಗುವ ಹಾಗೆ ಮುಳುಗಿಸಿಟ್ಟೆ. ಹತ್ತು ನಿಮಿಷಕ್ಕೆ ಬಹುಪಾಲು ಬಿಳುಪು ಬಂತು. ಆ ದಿನ ರಾತ್ರಿಯೂ ಊಟ ಸಿಕ್ಕಿತು.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಕೋಣೆ ತಲೆಗೆ ರಾತ್ರಿಗೆ 5,000 ಯೆನ್ ಒಳಗೆ. ನಾಲ್ಕು ಜನ, ಮೂರು ರಾತ್ರಿ, ಅರವತ್ತು ಸಾವಿರ ಮುಟ್ಟಲಿಲ್ಲ. ಹಡಗು ಹೋಗಿಬರಲು ಸುಮಾರು ಎಂಬತ್ತು ಸಾವಿರ. ತರಕಾರಿ, ಬಸ್ಸು, ಸ್ನಾನದ ತೆರಿಗೆ, ಹಾಳುಮೂಳು ಹದಿನೈದು ಸಾವಿರ. ಎಲ್ಲ ಸೇರಿ ಒಂದೂವರೆ ಲಕ್ಷದ ಆಸುಪಾಸು. ಅರಿಮಾದ ಒಂದು ರಾತ್ರಿಯ ಉಪವಾಸಕ್ಕೆ ಎಷ್ಟಾಗಿತ್ತು, ಮೇಲೆ ಬರೆದಿದ್ದೇನೆ.

ಮುಂದಿನ ಸಲ ಪತ್ರೊಡೆ. ಸಾತೋಇಮೋ ಅಂದರೆ ನಮ್ಮ ಕೆಸುವೇ. ಅಂಗಡಿಯಲ್ಲಿ ಗಡ್ಡೆ ಮಾತ್ರ ಸಿಗುತ್ತದೆ, ಎಲೆ ಇಲ್ಲ. ಹೊರಡುವ ದಿನ ಅಜ್ಜಿಯನ್ನು ಕೇಳಿದೆ. ಅವರ ತಮ್ಮನ ಗದ್ದೆಯಲ್ಲಿ ಬೇಕಾದಷ್ಟಿದೆಯಂತೆ. "ಬೇಸಿಗೆಯಲ್ಲಿ ಬಾ, ಕೊಡಿಸ್ತೇನೆ. ಆದರೆ ಎಲೆ ಯಾಕೆ? ಮಳೆ ಬಂದರೆ ಹಿಡಿದುಕೊಳ್ಳೋಕಾ?" ಅಂದರು.