ಬ್ರಿಟನ್ನಿನ ಪ್ರಧಾನಿಗಳನ್ನು ಕುರ್ಚಿ ಬಿಟ್ಟ ದಿನದಿಂದ ಓದುವ ಕ್ರಮ

ದಾವಣಗೆರೆಯ ಪದವಿ ಕಾಲೇಜುಗಳಲ್ಲಿ, ತೋಳಹುಣಸೆಯ ಶಿವಗಂಗೋತ್ರಿಯಲ್ಲಿರುವ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಅಥವಾ ಇತಿಹಾಸ ಓದುವವರಿಗೂ ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವವರಿಗೂ ಬ್ರಿಟನ್ನಿನ ಸಂಸದೀಯ ವ್ಯವಸ್ಥೆ ಒಂದಲ್ಲ ಒಂದು ಹಂತದಲ್ಲಿ ಎದುರಾಗುತ್ತದೆ. ಆಗ ಕೈಗೆ ಸಿಗುವ ನೋಟ್ಸುಗಳಲ್ಲಿ 20ನೆಯ ಶತಮಾನದ ಕೊನೆಯ ದಶಕಗಳ ಪ್ರಧಾನಿಗಳಾದ ಹೆರಾಲ್ಡ್ ವಿಲ್ಸನ್, ಎಡ್ವರ್ಡ್ ಹೀತ್, ಜೇಮ್ಸ್ ಕ್ಯಾಲಹನ್, ಮಾರ್ಗರೆಟ್ ಥ್ಯಾಚರ್, ಜಾನ್ ಮೇಜರ್, ಟೋನಿ ಬ್ಲೇರ್ ಎಂಬ ಹೆಸರುಗಳು ಇಸವಿಗಳ ಜೊತೆ ಸಾಲಾಗಿ ನಿಂತಿರುತ್ತವೆ. ಪ್ರತಿಯೊಬ್ಬರ ಕೆಳಗೆ ನಾಲ್ಕೈದು ಸಾಧನೆಗಳು, ಎರಡು ಮೂರು ಟೀಕೆಗಳು ಇರುತ್ತವೆ. ಹೀಗೆ ಕಲಿತದ್ದು ಪರೀಕ್ಷೆಯವರೆಗೆ ಉಳಿಯಬಹುದಾದರೂ ಆ ದೇಶದಲ್ಲಿ ಅಧಿಕಾರವೆಂಬುದು ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಗೆ ಅದರಿಂದ ಉತ್ತರ ದೊರೆಯುವುದಿಲ್ಲ. ಆದ್ದರಿಂದ ಓದಿನ ದಿಕ್ಕನ್ನೇ ತಿರುಗಿಸಬೇಕು. ಪ್ರತಿಯೊಬ್ಬ ಪ್ರಧಾನಿಯೂ ಅಧಿಕಾರ ಬಿಟ್ಟ ವಾರವನ್ನು ಮೊದಲು ಸಂಪೂರ್ಣವಾಗಿ ಅರ್ಥಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ನಡೆಯಬೇಕು. ಸಂಸದೀಯ ಪದ್ಧತಿಯಲ್ಲಿ ಅಧಿಕಾರದ ನಿಜವಾದ ಒಡೆಯರು ಯಾರೆಂಬುದು ಅದನ್ನು ಕಿತ್ತುಕೊಳ್ಳುವ ಗಳಿಗೆಯಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ.

ಮೊದಲ ಕೆಲಸವೆಂದರೆ ಒಂದೇ ಹಾಳೆಯ ಮೇಲೆ ಆರು ನಿರ್ಗಮನಗಳನ್ನು ಬರೆದುಕೊಳ್ಳುವುದು. 1970ರ ಜೂನ್‌ನಲ್ಲಿ ವಿಲ್ಸನ್ ಚುನಾವಣೆಯಲ್ಲಿ ಸೋತರು. 1974ರ ಮಾರ್ಚ್ 4ರಂದು ಹೀತ್ ರಾಜೀನಾಮೆ ಕೊಟ್ಟರು. ಮತ್ತೆ ಪ್ರಧಾನಿಯಾದ ವಿಲ್ಸನ್ 1976ರ ಏಪ್ರಿಲ್‌ನಲ್ಲಿ, ಯಾರೂ ಕೇಳದಿದ್ದರೂ, ತಮ್ಮ 60ನೆಯ ವಯಸ್ಸಿನಲ್ಲಿ ತಾವಾಗಿಯೇ ಕೆಳಗಿಳಿದರು. 1979ರ ಮೇ ತಿಂಗಳಲ್ಲಿ ಕ್ಯಾಲಹನ್, 1990ರ ನವೆಂಬರ್‌ನಲ್ಲಿ ಥ್ಯಾಚರ್, 1997ರ ಮೇ 2ರಂದು ಮೇಜರ್ ಹೊರಬಂದರು. ಪ್ರತಿಯೊಂದರ ಎದುರಿಗೂ ‘ಇಳಿಸಿದವರು ಯಾರು’ ಎಂಬ ಒಂದೇ ಪ್ರಶ್ನೆ ಹಾಕಿಕೊಂಡು, ಮತದಾರರು, ಸದನ, ಸ್ವಂತ ಪಕ್ಷ, ಸ್ವಂತ ತೀರ್ಮಾನ ಎಂಬ ನಾಲ್ಕು ಉತ್ತರಗಳಲ್ಲಿ ಸರಿಹೊಂದುವುದನ್ನು ಬರೆಯಬೇಕು. ಸಾಧನೆಗಳ ಪಟ್ಟಿಯನ್ನು ಈ ಹಂತದಲ್ಲಿ ಮುಟ್ಟಬಾರದು.

ಓದನ್ನು ಕ್ಯಾಲಹನ್ ಅವರಿಂದ ಆರಂಭಿಸುವುದು ಒಳ್ಳೆಯದು. ಹಣಕಾಸು, ಗೃಹ, ವಿದೇಶಾಂಗ ಖಾತೆಗಳ ಸಚಿವ ಸ್ಥಾನ ಮತ್ತು ಪ್ರಧಾನಿ ಪದವಿ ಈ ನಾಲ್ಕನ್ನೂ ನಿರ್ವಹಿಸಿದ ಏಕೈಕ ವ್ಯಕ್ತಿಯಾಗಿದ್ದರೂ, ಅವರ ಲೇಬರ್ ಪಕ್ಷದ ಸರ್ಕಾರ 1979ರ ಮಾರ್ಚ್ 28ರ ರಾತ್ರಿ ಅವಿಶ್ವಾಸ ನಿರ್ಣಯದಲ್ಲಿ 311ಕ್ಕೆ 310ರಂತೆ ಒಂದೇ ಒಂದು ಮತದಿಂದ ಬಿದ್ದಿತು. ತೀವ್ರ ಅಸ್ವಸ್ಥರಾಗಿದ್ದ ಒಬ್ಬ ಲೇಬರ್ ಸದಸ್ಯರನ್ನು ಆ ರಾತ್ರಿ ಸದನಕ್ಕೆ ಕರೆತರದೆ ಹೋದದ್ದೇ ಆ ಒಂದು ಮತದ ಅಂತರ. 1999ರ ಏಪ್ರಿಲ್ 17ರಂದು ವಾಜಪೇಯಿಯವರ ಸರ್ಕಾರ 269ಕ್ಕೆ 270ರಂತೆ ಸೋತದ್ದನ್ನು ಬಲ್ಲ ನಮ್ಮ ಓದುಗರಿಗೆ ಸದನದ ಲೆಕ್ಕಾಚಾರದ ಬಿಗಿ ಎಂಥದೆಂದು ವಿವರಿಸಬೇಕಾಗಿಲ್ಲ. ಇಲ್ಲಿಂದ ಹಿಂದಕ್ಕೆ ಹೋಗಿ ಆ ನಿರ್ಣಯ ಬಂದದ್ದೇಕೆ ಎಂದು ಕೇಳಿದರೆ, ಅದೇ ಮಾರ್ಚ್ 1ರಂದು ನಡೆದ ಸ್ಕಾಟ್ಲೆಂಡಿನ ಜನಮತಗಣನೆ ಎದುರಾಗುತ್ತದೆ: ಪ್ರತ್ಯೇಕ ವಿಧಾನಸಭೆಯ ಪರವಾಗಿ ಹೆಚ್ಚು ಮತಗಳು ಬಿದ್ದವು, ಆದರೆ ಒಟ್ಟು ಮತದಾರರಲ್ಲಿ ಶೇಕಡಾ 40ರಷ್ಟು ಮಂದಿ ಒಪ್ಪಬೇಕೆಂಬ ಷರತ್ತು ಈಡೇರಲಿಲ್ಲ, ಇದರಿಂದ ಮುನಿದ ಸ್ಕಾಟಿಷ್ ರಾಷ್ಟ್ರೀಯವಾದಿಗಳು ಸರ್ಕಾರದ ವಿರುದ್ಧ ತಿರುಗಿದರು. ಇನ್ನೂ ಹಿಂದೆ ಹೋದರೆ ವೇತನ ಏರಿಕೆಯನ್ನು ಶೇಕಡಾ 5ಕ್ಕೆ ಕಟ್ಟಿಹಾಕಲು ಹೊರಟ ಸರ್ಕಾರಕ್ಕೆ 1978–79ರ ಚಳಿಗಾಲದ ಮುಷ್ಕರಗಳು ಕೊಟ್ಟ ಉತ್ತರ, ಅದರ ಹಿಂದೆ 1977–78ರ ಲಿಬರಲ್ ಪಕ್ಷದೊಂದಿಗಿನ ಒಪ್ಪಂದ, ಅದರ ಹಿಂದೆ 1976ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಕೇಳಿದ 390 ಕೋಟಿ ಡಾಲರ್ ಸಾಲ ಕಾಣುತ್ತವೆ. ಒಂದು ಮತದ ಸೋಲಿನ ಹಿಂದೆ ಮೂರು ವರ್ಷಗಳ ಕಾರಣಗಳ ಸರಪಳಿ ಹೀಗೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಮುಂದಿನಿಂದ ಓದಿದರೆ ಇದೇ ಸಂಗತಿಗಳು ಬಿಡಿಬಿಡಿ ಇಸವಿಗಳಾಗಿ ಉಳಿಯುತ್ತವೆ.

ಈ ಕ್ರಮದಲ್ಲಿ ನಡೆಯುವಾಗ ಪ್ರತಿ ಚುನಾವಣೆಯಲ್ಲಿಯೂ ಮತಪ್ರಮಾಣ ಮತ್ತು ಸ್ಥಾನಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳುವುದನ್ನು ಮರೆಯಬಾರದು. 1974ರ ಫೆಬ್ರವರಿ 28ರ ಚುನಾವಣೆಯಲ್ಲಿ ಹೀತ್ ಅವರ ಕನ್ಸರ್ವೇಟಿವ್ ಪಕ್ಷಕ್ಕೆ ಲೇಬರ್ ಪಕ್ಷಕ್ಕಿಂತ ಹೆಚ್ಚು ಮತಗಳು ಬಂದರೂ ಸ್ಥಾನಗಳು 297 ಮಾತ್ರ. ಲೇಬರ್ ಪಕ್ಷಕ್ಕೆ 301. ಸುಮಾರು 60 ಲಕ್ಷ ಮತ ಪಡೆದ ಲಿಬರಲ್ ಪಕ್ಷಕ್ಕೆ ದೊರೆತದ್ದು 14 ಸ್ಥಾನ. ಹೀತ್ ಕೆಲವು ದಿನ ಲಿಬರಲ್ ನಾಯಕ ಜೆರೆಮಿ ಥಾರ್ಪ್ ಅವರೊಂದಿಗೆ ಮಾತುಕತೆ ನಡೆಸಿ, ಅದು ಫಲಿಸದೆ ಹೊರಬಂದರು. 1983ರ ಅಂಕಿಗಳು ಇನ್ನೂ ತೀಕ್ಷ್ಣವಾಗಿವೆ. ಲೇಬರ್ ಪಕ್ಷ ಶೇಕಡಾ 27.6 ಮತಗಳೊಂದಿಗೆ 209 ಸ್ಥಾನ ಗಳಿಸಿದರೆ, ಲಿಬರಲ್ ಮತ್ತು ಸೋಷಿಯಲ್ ಡೆಮಾಕ್ರಟಿಕ್ ಪಕ್ಷಗಳ ಮೈತ್ರಿಕೂಟ ಶೇಕಡಾ 25.4 ಮತ ಗಳಿಸಿಯೂ 23 ಸ್ಥಾನಗಳಿಗೆ ನಿಂತಿತು, ಶೇಕಡಾ 42.4 ಮತ ಪಡೆದ ಥ್ಯಾಚರ್ ಅವರ ಪಕ್ಷ 397 ಸ್ಥಾನಗಳನ್ನು ಗೆದ್ದುಕೊಂಡಿತು. ನಮ್ಮ ಲೋಕಸಭೆಗೂ ವಿಧಾನಸಭೆಗೂ, ಪ್ರತಿ ಕ್ಷೇತ್ರದಲ್ಲಿ ಅತಿ ಹೆಚ್ಚು ಮತ ಪಡೆದವರೇ ಗೆಲ್ಲುವ ಇದೇ ಪದ್ಧತಿ ಇರುವುದರಿಂದ, ತ್ರಿಕೋನ ಸ್ಪರ್ಧೆಯಲ್ಲಿ ಮತ ಹಂಚಿಹೋಗಿ ಮೂರನೆಯವರು ಗೆಲ್ಲುವುದನ್ನು ಕಂಡಿರುವ ದಾವಣಗೆರೆ, ಚಿತ್ರದುರ್ಗದ ವಿದ್ಯಾರ್ಥಿ ಈ ಅಂಕಿಗಳನ್ನು ಸುಲಭವಾಗಿ ಬಿಡಿಸಬಲ್ಲ. ಥ್ಯಾಚರ್ ಅವರ ಗೆಲುವನ್ನು 1982ರ ಫಾಕ್‌ಲ್ಯಾಂಡ್ ಯುದ್ಧಕ್ಕೆ ಮಾತ್ರ ಕಟ್ಟಿಹಾಕುವ ಉತ್ತರಗಳು ಅಪೂರ್ಣವೆಂದು ನನ್ನ ಖಚಿತ ಅಭಿಪ್ರಾಯ. ಏಪ್ರಿಲ್ 2ರಂದು ಅರ್ಜೆಂಟೀನಾ ಬ್ರಿಟನ್ನಿನ ಆಳ್ವಿಕೆಯಲ್ಲಿದ್ದ ಆ ದ್ವೀಪಗಳನ್ನು ವಶಪಡಿಸಿಕೊಂಡು ಜೂನ್ 14ರಂದು ಶರಣಾದದ್ದು ಅವರ ಜನಪ್ರಿಯತೆಯನ್ನು ಹೆಚ್ಚಿಸಿತು ನಿಜ. ಆದರೆ ವಿರೋಧಿ ಮತಗಳು ಎರಡು ಹೋಳಾಗದಿದ್ದರೆ ಅಷ್ಟು ದೊಡ್ಡ ಬಹುಮತ ಬರುತ್ತಿರಲಿಲ್ಲ.

ಆ ಹೋಳನ್ನು ಅರ್ಥಮಾಡಿಕೊಳ್ಳಲು ಅಧಿಕಾರಕ್ಕೆ ಬಾರದ ನಾಯಕರನ್ನೂ ಓದಬೇಕು. 1980ರಿಂದ 1983ರವರೆಗೆ ಲೇಬರ್ ಪಕ್ಷವನ್ನು ನಡೆಸಿದ ಮೈಕಲ್ ಫೂಟ್, 1981ರ ಉಪನಾಯಕ ಸ್ಥಾನದ ಸ್ಪರ್ಧೆಯಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಅಂತರದಲ್ಲಿ ಗೆದ್ದ ಡೆನಿಸ್ ಹೀಲಿ ಮತ್ತು ಸೋತ ಟೋನಿ ಬೆನ್, ಅದೇ ವರ್ಷದ ಮಾರ್ಚ್‌ನಲ್ಲಿ ಪಕ್ಷ ಬಿಟ್ಟು ಹೊಸ ಪಕ್ಷ ಕಟ್ಟಿದ ರಾಯ್ ಜೆಂಕಿನ್ಸ್, ಡೇವಿಡ್ ಓವನ್, ಶರ್ಲಿ ವಿಲಿಯಮ್ಸ್, ಬಿಲ್ ರಾಜರ್ಸ್ ಇವರಲ್ಲಿ ಯಾರೂ ಪ್ರಧಾನಿಯಾಗಲಿಲ್ಲ. ಆದರೆ ಇವರಿಲ್ಲದೆ ಆ ದಶಕದ ಚಿತ್ರ ಪೂರ್ಣವಾಗುವುದಿಲ್ಲ. 1969ರಲ್ಲಿ ಕಾಂಗ್ರೆಸ್ ಒಡೆದಾಗ ಪಕ್ಷದ ಅಧ್ಯಕ್ಷರಾಗಿದ್ದವರು ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು ಎಂಬುದನ್ನು ಇಲ್ಲಿ ನೆನೆಯಬಹುದು. ಸಂಘಟನೆ ದೊಡ್ಡದೋ ಸರ್ಕಾರದ ನಾಯಕತ್ವ ದೊಡ್ಡದೋ ಎಂಬುದು ಅಂದಿನ ಒಡಕಿನ ಒಂದು ಮುಖ್ಯ ಪ್ರಶ್ನೆಯಾಗಿತ್ತು. 1981ರ ಲೇಬರ್ ಒಡಕಿನಲ್ಲಿ ನಾಯಕನನ್ನು ಆರಿಸುವ ಹಕ್ಕು ಸಂಸದರಿಗೆ ಮಾತ್ರವೋ, ಕಾರ್ಮಿಕ ಸಂಘಗಳಿಗೂ ಸ್ಥಳೀಯ ಘಟಕಗಳಿಗೂ ಇರಬೇಕೋ ಎಂಬ ಪ್ರಶ್ನೆಯಿತ್ತು. ಇವೆರಡನ್ನೂ ಹೋಲಿಸಿ ಒಂದು ಪುಟ ಬರೆಯುವುದು ಉತ್ತಮ ಅಭ್ಯಾಸ.

ಥ್ಯಾಚರ್ ಅವರ ನಿರ್ಗಮನಕ್ಕೆ ಹೆಚ್ಚು ಸಮಯ ಕೊಡಬೇಕು, ಏಕೆಂದರೆ ಮೂರು ಸಾರ್ವತ್ರಿಕ ಚುನಾವಣೆಗಳನ್ನು ಗೆದ್ದು ಒಂದನ್ನೂ ಸೋಲದ ಪ್ರಧಾನಿಯನ್ನು ಅವರದೇ ಸಂಸದರು ಇಳಿಸಿದ ಪ್ರಸಂಗ ಅದು. 1990ರ ನವೆಂಬರ್ 1ರಂದು ಉಪಪ್ರಧಾನಿ ಜೆಫ್ರಿ ಹೌ ರಾಜೀನಾಮೆ ನೀಡಿದರು. 13ರಂದು ಅವರು ಸದನದಲ್ಲಿ ಮಾಡಿದ ಭಾಷಣ, ದನಿ ಏರಿಸದೆಯೇ, ಯೂರೋಪಿನ ವಿಷಯದಲ್ಲಿ ಪ್ರಧಾನಿಯ ಧೋರಣೆಯನ್ನು ತೀವ್ರವಾಗಿ ಖಂಡಿಸಿತು. 20ರಂದು ನಡೆದ ಪಕ್ಷದ ನಾಯಕತ್ವದ ಮೊದಲ ಸುತ್ತಿನಲ್ಲಿ ಥ್ಯಾಚರ್ 204, ಮೈಕಲ್ ಹೆಸಲ್ಟೈನ್ 152 ಮತ ಪಡೆದರು. ಗೆದ್ದೂ ಸೋತಂತಾದದ್ದು ಇಲ್ಲಿಯೇ: ನಿಯಮದಂತೆ ಪಕ್ಷದ 372 ಸಂಸದರಲ್ಲಿ ಶೇಕಡಾ 15ರಷ್ಟು ಅಂತರ ಬೇಕಿತ್ತು, ಅದಕ್ಕೆ ನಾಲ್ಕು ಮತ ಕಡಿಮೆಯಾಯಿತು. ಮಂತ್ರಿಗಳು ಒಬ್ಬೊಬ್ಬರಾಗಿ ಬಂದು ಎರಡನೆಯ ಸುತ್ತಿನಲ್ಲಿ ಗೆಲುವು ಕಷ್ಟವೆಂದು ಹೇಳಿದ ಮೇಲೆ, 22ರ ಬೆಳಿಗ್ಗೆ ಅವರು ಹಿಂದೆ ಸರಿದರು. ಇಲ್ಲಿಂದ ಹಿಂದಕ್ಕೆ ಎರಡು ದಾರಿಗಳು ಹೋಗುತ್ತವೆ. ಒಂದು ಯೂರೋಪಿನ ದಾರಿ, ಯೂರೋಪಿನಲ್ಲಿ ಅಧಿಕಾರ ಒಂದೆಡೆ ಕೇಂದ್ರೀಕರಣವಾಗುವುದನ್ನು ವಿರೋಧಿಸಿ ಥ್ಯಾಚರ್ ಮಾಡಿದ 1988ರ ಬ್ರೂಗ್ಸ್ ಭಾಷಣದ ಕಡೆಗೆ. ಇನ್ನೊಂದು ತಲೆಗಂದಾಯದ ದಾರಿ: ಆಸ್ತಿಯ ಮೌಲ್ಯವನ್ನು ನೋಡದೆ ವಯಸ್ಕರಿಗೆಲ್ಲ ತಲಾ ವಿಧಿಸಿದ ಈ ಸ್ಥಳೀಯ ತೆರಿಗೆ 1989ರಲ್ಲಿ ಸ್ಕಾಟ್ಲೆಂಡಿನಲ್ಲಿಯೂ 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿಯೂ ಜಾರಿಗೆ ಬಂದಿತು; ಮಾರ್ಚ್ 31ರಂದು ಲಂಡನ್ನಿನಲ್ಲಿ ಅದರ ವಿರುದ್ಧ ದೊಡ್ಡ ಗಲಭೆಯಾಯಿತು. ಮುಂದಿನ ಚುನಾವಣೆಯಲ್ಲಿ ತಮ್ಮ ಸ್ಥಾನ ಉಳಿಯುವುದೇ ಎಂಬ ಸಂಸದರ ಭಯಕ್ಕೆ ಕಾರಣ ಈ ಎರಡನೆಯ ದಾರಿ. ಸೈದ್ಧಾಂತಿಕ ಭಿನ್ನಾಭಿಪ್ರಾಯಕ್ಕಿಂತ ಈ ಭಯವೇ ಹೆಚ್ಚು ಕೆಲಸ ಮಾಡಿತೆಂದು ನಾನು ಭಾವಿಸುತ್ತೇನೆ.

ಇನ್ನೂ ಹಿಂದಕ್ಕೆ ನಡೆದರೆ 1984ರ ಮಾರ್ಚ್‌ನಿಂದ 1985ರ ಮಾರ್ಚ್‌ವರೆಗೆ ನಡೆದ ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರ ಬರುತ್ತದೆ. ಇದನ್ನು ದಾವಣಗೆರೆಯವರು ಅವಸರದಲ್ಲಿ ಓದಬಾರದು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡು, ಗಿರಣಿ ಕಾರ್ಮಿಕರ ನಾಯಕ ಪಂಪಾಪತಿಯವರನ್ನು ಕಮ್ಯುನಿಸ್ಟ್ ಪಕ್ಷದಿಂದ ವಿಧಾನಸಭೆಗೆ ಕಳಿಸಿದ, ಆಮೇಲೆ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದನ್ನು ಕಂಡ ಊರು ಇದು. ಕೆಲಸದ ಸ್ಥಳವೊಂದು ಮುಚ್ಚಿದರೆ ಸಂಬಳದ ಜೊತೆಗೆ ಇಡೀ ಬಡಾವಣೆಯ ಬದುಕಿನ ಲಯವೇ ತಪ್ಪುತ್ತದೆಂಬುದನ್ನು ಇಲ್ಲಿನ ಹಿರಿಯರು ಬಲ್ಲರು. ಅಂಥವರೊಂದಿಗೆ ಕುಳಿತು ಮಾತಾಡಿ, ಆಮೇಲೆ ಯಾರ್ಕ್‌ಷೈರ್ ಮತ್ತು ದಕ್ಷಿಣ ವೇಲ್ಸ್‌ನ ಗಣಿ ಊರುಗಳ ಬಗ್ಗೆ ಓದಿದರೆ ಪಠ್ಯದ ಸಾಲುಗಳಿಗೆ ತೂಕ ಬರುತ್ತದೆ. ಹಾಗೆಂದು ಎರಡನ್ನೂ ಒಂದೇ ಎಂದು ಬರೆಯಬಾರದು. ಬ್ರಿಟನ್ನಿನ ಗಣಿಗಳು ಸರ್ಕಾರದ ಒಡೆತನದಲ್ಲಿದ್ದವು. 1972 ಮತ್ತು 1974ರ ಮುಷ್ಕರಗಳಲ್ಲಿ ಹೀತ್ ಸರ್ಕಾರವನ್ನು ಮಣಿಸಿದ ಸಂಘದೊಂದಿಗೆ ಈ ಬಾರಿ ಸರ್ಕಾರ ಮೊದಲೇ ಕಲ್ಲಿದ್ದಲು ದಾಸ್ತಾನು ಮಾಡಿಕೊಂಡು ಎದುರು ನಿಂತಿತ್ತು. ಆರ್ಥರ್ ಸ್ಕಾರ್ಗಿಲ್ ನಾಯಕತ್ವದ ಸಂಘವು ರಾಷ್ಟ್ರಮಟ್ಟದ ಮತದಾನ ನಡೆಸದೆ ಮುಷ್ಕರಕ್ಕಿಳಿದದ್ದರಿಂದ ಕಾರ್ಮಿಕರಲ್ಲಿಯೇ ಒಡಕು ಮೂಡಿತು. ಈ ಮೂರು ಅಂಶಗಳಿಲ್ಲದ ಉತ್ತರ, ಥ್ಯಾಚರ್ ಅವರನ್ನು ಹೊಗಳಲಿ ತೆಗಳಲಿ, ಬರಿಯ ಭಾವನೆಯಾಗಿ ಉಳಿಯುತ್ತದೆ.

ಆಕರಗಳಿಗಾಗಿ ಲಂಡನ್ನಿಗೆ ಹೋಗಬೇಕಾಗಿಲ್ಲ. ಬ್ರಿಟಿಷ್ ಸಂಸತ್ತಿನ ಕಲಾಪಗಳ ಅಧಿಕೃತ ವರದಿಯಾದ ಹ್ಯಾನ್ಸಾರ್ಡ್ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ದಿನಾಂಕ ಗೊತ್ತಿದ್ದರೆ ಹೌ ಅವರ ಭಾಷಣವನ್ನಾಗಲಿ 1979ರ ಅವಿಶ್ವಾಸ ಚರ್ಚೆಯನ್ನಾಗಲಿ ಮೊಬೈಲಿನಲ್ಲಿಯೇ ಓದಬಹುದು. ಮಾರ್ಗರೆಟ್ ಥ್ಯಾಚರ್ ಪ್ರತಿಷ್ಠಾನದ ಜಾಲತಾಣದಲ್ಲಿ ಅವರ ಭಾಷಣ, ಸಂದರ್ಶನ, ಕಡತಗಳು ಸಾವಿರಾರು ಸಂಖ್ಯೆಯಲ್ಲಿವೆ. ಆದರೆ ಅದು ಅವರ ಹೆಸರಿನಲ್ಲಿ ನಡೆಯುವ ಸಂಸ್ಥೆಯೆಂಬುದನ್ನು ನೆನಪಿನಲ್ಲಿಟ್ಟು, ಅಲ್ಲಿ ಓದಿದ್ದನ್ನು ವಿರೋಧ ಪಕ್ಷದ ಮಾತುಗಳೊಂದಿಗೆ ಹೋಲಿಸಬೇಕು. ಭಾಷಣಗಳ ಇಂಗ್ಲಿಷ್ ಕಷ್ಟವೆನಿಸಿದರೆ ಮೊದಲು ಕೊನೆಯ ಎರಡು ಪ್ಯಾರಾ ಓದಿ, ಭಾಷಣಕಾರರು ಸದನವನ್ನು ಏನು ಮಾಡಲು ಕೇಳುತ್ತಿದ್ದಾರೆಂದು ಕನ್ನಡದಲ್ಲಿ ಒಂದು ವಾಕ್ಯ ಬರೆದುಕೊಂಡು, ಆಮೇಲೆ ಮೊದಲಿನಿಂದ ಓದಬೇಕು.

ಪ್ರಸಿದ್ಧ ಉಕ್ತಿಗಳನ್ನು ಉತ್ತರಪತ್ರಿಕೆಯಲ್ಲಿ ಬರೆಯುವ ಮುನ್ನ ಮೂಲದಲ್ಲಿ ನೋಡಲೇಬೇಕು. ‘ಬಿಕ್ಕಟ್ಟೇ? ಎಲ್ಲಿದೆ ಬಿಕ್ಕಟ್ಟು?’ ಎಂದು ಕ್ಯಾಲಹನ್ ಹೇಳಿದರೆಂದು ಅನೇಕ ಕಡೆ ಓದುತ್ತೇವೆ. ಅದು 1979ರ ಜನವರಿಯಲ್ಲಿ ‘ದಿ ಸನ್’ ಪತ್ರಿಕೆ ಕೊಟ್ಟ ತಲೆಬರಹ; ಶೃಂಗಸಭೆಯಿಂದ ಮರಳಿದ ಕ್ಯಾಲಹನ್ ವಿಮಾನ ನಿಲ್ದಾಣದಲ್ಲಿ ಆ ಪದಗಳನ್ನು ಆಡಲಿಲ್ಲ. ಸಮಾಜ ಎಂಬುದೇ ಇಲ್ಲ ಎಂಬ ಥ್ಯಾಚರ್ ಮಾತು 1987ರ ನಿಯತಕಾಲಿಕವೊಂದರ ಸಂದರ್ಶನದ್ದು. ಅದರ ಹಿಂದುಮುಂದಿನ ವಾಕ್ಯಗಳನ್ನು ಓದಿದ ಮೇಲೆ ಒಪ್ಪುವುದೋ ಖಂಡಿಸುವುದೋ ಓದುಗರ ಹಕ್ಕು.

ವಿಲ್ಸನ್ ಮತ್ತು ಹೀತ್ ಇಬ್ಬರನ್ನೂ ಯೂರೋಪ್ ಎಂಬ ಒಂದೇ ಎಳೆಯಲ್ಲಿ ಓದಿದರೆ ಸಾಕು. 1973ರ ಜನವರಿ 1ರಂದು ಬ್ರಿಟನ್ನನ್ನು ಯೂರೋಪಿಯನ್ ಆರ್ಥಿಕ ಸಮುದಾಯಕ್ಕೆ ಸೇರಿಸಿದವರು ಹೀತ್. 1975ರ ಜೂನ್‌ನಲ್ಲಿ ಜನಮತಗಣನೆ ನಡೆಸಿ ಸುಮಾರು ಶೇಕಡಾ 67ರ ಬೆಂಬಲದಿಂದ ಅದನ್ನು ಉಳಿಸಿದವರು ವಿಲ್ಸನ್. ಮರಣದಂಡನೆಯ ರದ್ದತಿ, ಮುಕ್ತ ವಿಶ್ವವಿದ್ಯಾಲಯದ ಸ್ಥಾಪನೆ ವಿಲ್ಸನ್ ಕಾಲದವು ಎಂಬುದನ್ನು ಪಕ್ಕಕ್ಕೆ ಬರೆದುಕೊಳ್ಳಬೇಕು.

ಮೇಜರ್ ಅವರ ಸೋಲು 1997ರ ಮೇ 1ರಂದು ಘೋರವಾಗಿತ್ತು. ಕನ್ಸರ್ವೇಟಿವ್ ಪಕ್ಷಕ್ಕೆ ಉಳಿದದ್ದು 165 ಸ್ಥಾನ. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಒಂದೂ ಇಲ್ಲ. ಇದರಿಂದ ಹಿಂದಕ್ಕೆ ನಡೆದಾಗ ನಿಲ್ಲಬೇಕಾದ ತಂಗುದಾಣ 1992ರ ಸೆಪ್ಟೆಂಬರ್ 16, ಅಂದರೆ ಬಡ್ಡಿದರವನ್ನು ಒಂದೇ ದಿನ ಶೇಕಡಾ 10ರಿಂದ 12ಕ್ಕೆ ಏರಿಸಿ, 15ಕ್ಕೆ ಏರಿಸುವುದಾಗಿ ಘೋಷಿಸಿಯೂ ಪೌಂಡನ್ನು, ಸದಸ್ಯ ದೇಶಗಳ ಹಣದ ಮೌಲ್ಯವನ್ನು ನಿಗದಿತ ಮಿತಿಯೊಳಗೆ ಇರಿಸುವ ಯೂರೋಪಿನ ವಿನಿಮಯ ದರ ವ್ಯವಸ್ಥೆಯಲ್ಲಿ ಉಳಿಸಿಕೊಳ್ಳಲಾಗದೆ ಹೊರಬಂದ ದಿನ. ಆರ್ಥಿಕತೆ ಆಮೇಲೆ ಚೇತರಿಸಿಕೊಂಡರೂ ಪಕ್ಷದ ಹೆಸರು ಚೇತರಿಸಿಕೊಳ್ಳಲಿಲ್ಲ.

ದಾವಣಗೆರೆ ಜಿಲ್ಲೆ ಚಿತ್ರದುರ್ಗದಿಂದ ಬೇರೆಯಾದ ವರ್ಷವೇ, 1997ರಲ್ಲಿ, 418 ಸ್ಥಾನಗಳೊಂದಿಗೆ ಅಧಿಕಾರಕ್ಕೆ ಬಂದ ಲೇಬರ್ ಪಕ್ಷದ 43 ವರ್ಷದ ಬ್ಲೇರ್ ಅವರ ನಿರ್ಗಮನ ಮುಂದಿನ ಶತಮಾನಕ್ಕೆ ಸೇರಿದ್ದರಿಂದ ಈ ಕ್ರಮ ಅವರಿಗೆ ಹೊಂದುವುದಿಲ್ಲ. ಅವರನ್ನು ಉತ್ತರ ಐರ್ಲೆಂಡಿನ ಮೂಲಕ ಓದಬೇಕು. 1985ರ ನವೆಂಬರ್‌ನಲ್ಲಿ ಥ್ಯಾಚರ್ ಸಹಿ ಮಾಡಿದ ಆಂಗ್ಲೋ–ಐರಿಷ್ ಒಪ್ಪಂದ, 1993ರ ಡಿಸೆಂಬರ್‌ನಲ್ಲಿ ಮೇಜರ್ ಹೊರಡಿಸಿದ ಡೌನಿಂಗ್ ಸ್ಟ್ರೀಟ್ ಘೋಷಣೆ, ಬ್ಲೇರ್ ಕಾಲದ 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಒಪ್ಪಂದ ಈ ಮೂರು ದಾಖಲೆಗಳನ್ನು ಮಾತ್ರ ಇಸವಿಯ ಕ್ರಮದಲ್ಲಿಯೇ ಓದಬೇಕು. ಒಂದು ವರ್ಷದ ಹಿಂದಷ್ಟೇ ಬ್ರೈಟನ್ನಿನ ಹೋಟೆಲಿನಲ್ಲಿ ತನ್ನನ್ನು ಕೊಲ್ಲಲು, ಉತ್ತರ ಐರ್ಲೆಂಡನ್ನು ಬ್ರಿಟನ್ನಿನಿಂದ ಬಿಡಿಸಲು ಹೋರಾಡುತ್ತಿದ್ದ ಐಆರ್‌ಎ ಸಂಘಟನೆ ಇಟ್ಟ ಬಾಂಬಿನಿಂದ ಪಾರಾಗಿದ್ದ ಥ್ಯಾಚರ್ ಮೊದಲನೆಯದಕ್ಕೆ ಸಹಿ ಹಾಕಿದರೆಂಬುದನ್ನು ಗಮನಿಸಿ, ಪ್ರತಿ ದಾಖಲೆಯಲ್ಲಿಯೂ ಡಬ್ಲಿನ್ ಸರ್ಕಾರಕ್ಕೆ, ಅಂದರೆ ಐರ್ಲೆಂಡ್ ಗಣರಾಜ್ಯದ ಸರ್ಕಾರಕ್ಕೆ, ಯಾವ ಪಾತ್ರ ಕೊಡಲಾಗಿದೆ, ಉತ್ತರ ಐರ್ಲೆಂಡಿನ ಬಹುಸಂಖ್ಯಾತರ ಒಪ್ಪಿಗೆಯ ಬಗ್ಗೆ ಏನೆಂದಿದೆ ಎಂಬ ಎರಡು ಅಂಶಗಳನ್ನು ಎತ್ತಿ ಬರೆದುಕೊಳ್ಳಬೇಕು.